ಕನ್ನಡಕದ ಮೇಲಿನ ಸ್ಟಿಕ್ಕರ್

ಕನ್ನಡಿಗೆ ಅಂಟಿಸಿಟ್ಟ ಹಣೆಯ ಸ್ಟಿಕ್ಕರ್ ಕಂಡರೆ ಈಗಲೂ ನನಗೆ ಹಳ್ಳಿಮೈಸೂರಿನ ಆ ಮಧ್ಯಾಹ್ನ ನೆನಪಾಗುತ್ತದೆ.

ಹಂದಿ ಓಡಿಸಲು ಇಟ್ಟಿದ್ದ ಕೋವಿಯನ್ನು ತಾತ ಬಲಭುಜಕ್ಕೆ ಒತ್ತಿ, ಬದುವಿನ ಮೇಲಿನ ಹಳೇ ಮಡಕೆಗೆ ಗುರಿಯಿಟ್ಟ. ಮೂರು ಸಲವೂ ಏಟು ಎಡಕ್ಕೇ ಹೋಯಿತು.

"ಕೋವಿ ಪೊಲೀಸ್ ಸ್ಟೇಷನ್‌ಗೆ ಕೊಟ್ಬುಡ್ತೀನಿ ಕಣೆ," ಎಂದು ಕೂತುಬಿಟ್ಟ.

ಅಜ್ಜಿ ಎದುರಿಗೆ ನಿಂತು, "ನನ್ನ ಮೂಗುತಿಗೆ ಬೆರಳು ತೋರ್ಸಿ," ಎಂದಳು. ತೋರಿಸಿದ ಬೆರಳು ಅವನ ಎಡಗಣ್ಣಿನ ಮುಂದೆ ನಿಂತಿತ್ತು.

"ಬಲಗಣ್ಣು ಒಸಿ ಮಂಕಾಗಿದ್ದೇ ತಡ, ಎಡಗಣ್ಣು ಯಜಮಾನ್ಕೆಗೆ ಬಂದ್ಬುಟ್ಟೈತೆ ಕಣೇಳಿ! ಕೋವಿ ಬಲಗಡೆ, ಗುರಿ ನೋಡೋದು ಎಡಗಣ್ಣು, ಅದ್ಕೇ ಏಟು ಎಡಕ್ಕೋಗೋದು."

ಒಳಗೆ ಹೋಗಿ, ಕನ್ನಡಿಯಲ್ಲಿದ್ದ ತನ್ನ ದೊಡ್ಡ ಕೆಂಪು ಸ್ಟಿಕ್ಕರ್ ಕಿತ್ತು ತಂದು, ಅವನ ಕನ್ನಡಕದ ಎಡಗಾಜಿಗೆ ಅಂಟಿಸಿದಳು.

ನಾಲ್ಕನೇ ಏಟಿಗೆ ಮಡಕೆ ಚೂರಾಯಿತು.

ಮರುದಿನ ಹೊಳೆನರಸೀಪುರದ ಬಸ್ಸಿನಲ್ಲೂ ತಾತ ಅದನ್ನು ಕೀಳಲಿಲ್ಲ. ನಕ್ಕವರಿಗೆಲ್ಲ, "ನಮ್ಮನೆಯೋಳು ಕೊಟ್ಟಿರೋ ಕಣ್ಣು ಕಣ್ಲಾ," ಅಂದ.