ಕಂದು ಕೋಟಿನ ಸರ್ಕಾರ

ಕಂದು ಕೋಟಿನವನು ಇವತ್ತೂ ಬಂದಿದ್ದ. ಪತ್ರಿಕಾ ಕಚೇರಿಯ ಎದುರಿನ ಬಸ್ ನಿಲ್ದಾಣದಲ್ಲಿ ನಿಂತು, ಬಂದ ಬಸ್ಸುಗಳನ್ನೆಲ್ಲ ಬಿಟ್ಟು, ಕಚೇರಿಯ ಬಾಗಿಲಿನತ್ತಲೇ ಕಣ್ಣು ನೆಟ್ಟಿದ್ದ.

ಮೇಲಿನ ಮಹಡಿಯ ಪರದೆಯ ಸಂದಿಯಿಂದ ಅವನನ್ನು ನೋಡಿದ ಕತ್ತರಿಗೆ ಕುಣಿಯುವಷ್ಟು ಖುಷಿಯಾಯಿತು.

ಕತ್ತರಿ ಎನ್ನುವುದು ಸಹೋದ್ಯೋಗಿಗಳು ಇಟ್ಟ ಹೆಸರು. ರಾಜಧಾನಿಯ ರಾಜಕೀಯ ವರದಿಗಾರರಲ್ಲೆಲ್ಲ ಕಿರಿಯಳು. ಅದರ ಮೇಲೆ ಲಿಬರ್ಟೇರಿಯನ್. ಎಂದರೆ, ಸರ್ಕಾರ ಜನರ ಜೇಬಿನಿಂದಲೂ ಜೀವನದಿಂದಲೂ ಆದಷ್ಟು ದೂರ ಇರಬೇಕು ಎನ್ನುವವಳು. ತೆರಿಗೆ ಕತ್ತರಿಸಿ, ಇಲಾಖೆ ಕತ್ತರಿಸಿ, ಲೈಸೆನ್ಸ್ ಕತ್ತರಿಸಿ ಎಂದು ಅಂಕಣದಲ್ಲಿ ವಾರವಾರವೂ ಬರೆಯುತ್ತಿದ್ದಳು. ಕರಡು ತಿದ್ದುವವರನ್ನು ಬಿಟ್ಟರೆ ಓದುವವರು ಅಷ್ಟಕ್ಕಷ್ಟೇ. ಹೋದ ತಿಂಗಳು ಅದೇನಾಯಿತೋ, ಬೀಗ ರಿಪೇರಿ, ಹೂಗುಚ್ಛದ ಅಂಗಡಿ, ನಾಯಿಗಳನ್ನು ಅಡ್ಡಾಡಿಸುವುದು ಮುಂತಾಗಿ ಒಂದು ರಾಶಿ ಕಸುಬುಗಳಿಗೆ ಇನ್ನು ಲೈಸೆನ್ಸೇ ಬೇಡ ಎಂದು ಸರ್ಕಾರ ಆದೇಶ ಹೊರಡಿಸಿಬಿಟ್ಟಿತು. ಕತ್ತರಿ ಇಡೀ ಕಚೇರಿಗೆ ಕೇಕ್ ಹಂಚಿದಳು.

“ಆದೇಶ ಪೂರ್ತಿ ಓದಿದೀಯಾ?” ಎಂದು ಸಂಪಾದಕರು ಕೇಳಿದ್ದರು.

“ಗೆದ್ದ ಮೇಲೆ ಓದೋದೇನು ಸರ್?”

ಅದಾದ ವಾರಕ್ಕೇ ಕಂದು ಕೋಟು ಕಾಣಿಸಿಕೊಂಡಿತು. ಬೇರೆಯವರಾಗಿದ್ದರೆ ಎದೆ ಢವಢವ ಎನ್ನುತ್ತಿತ್ತು. ಕತ್ತರಿ ಮಾತ್ರ ತುಟಿಗೆ ಬಣ್ಣ ಹಚ್ಚಿಕೊಂಡು ಕೆಲಸಕ್ಕೆ ಬರತೊಡಗಿದಳು. ಗೂಢಚಾರರ ಫೋಟೋದಲ್ಲಿ ಚೆನ್ನಾಗಿ ಕಾಣಬೇಡವೇ? ಸರ್ಕಾರ ತನಗೆ ಹೆದರಿದೆ! ಆ ವಾರದ ಅಂಕಣ ಅವಳ ಕೈಯಲ್ಲಿ ತಾನೇ ಓಡಿತು: “ಹೇಳದೆ ಹಿಂಬಾಲಿಸುವುದು, ಕೇಳದೆ ಕಾಳಜಿ ಮಾಡುವುದು, ಸಿಕ್ಕಿಬಿದ್ದರೆ ‘ನಿನ್ನ ಒಳ್ಳೆಯದಕ್ಕೇ’ ಎನ್ನುವುದು. ಈ ಗುಣಗಳು ಭೂಮಿಯ ಮೇಲೆ ಸರ್ಕಾರಕ್ಕಲ್ಲದೆ ಇನ್ಯಾರಿಗೂ ಇಲ್ಲ.”

ಇವತ್ತು ಸಂಪಾದಕರ ತಾಳ್ಮೆ ಮುಗಿದಿತ್ತು. “ಸಂಜೆಯೊಳಗೆ ಸಾಕ್ಷಿ ತಂದ್ರೆ ಮುಖಪುಟ ನಿಂದು. ಇಲ್ಲಾಂದ್ರೆ ಅಂಕಣ ಬಂದ್. ನಾಳೆಯಿಂದ ವಾರಭವಿಷ್ಯ ಬರಿ.”

ಕತ್ತರಿಗೆ ಆ ಅಂಕಣವೇ ಉಸಿರು. ಊರವರ ಗ್ರಹಗತಿ ಬರೆಯುವ ತನ್ನನ್ನು ನೆನೆದು ಬೆವೆತಳು. ಅಷ್ಟರಲ್ಲಿ ಊರಿನಿಂದ ಅಮ್ಮನ ಫೋನು.

“ಊಟ ಬಿಟ್ಟೆ ತಾನೆ? ಬರೀ ಕಾಫಿ ಕುಡಿದಿದೀಯಾ.”

“ನಿಂಗ್ಯಾರಮ್ಮ ಹೇಳಿದ್ದು?”

“ಹೆತ್ತ ಕರುಳು ಕಣೇ. ಯಾರಾದ್ರೂ ಯಾಕೆ ಹೇಳ್ಬೇಕು?”

“ಅಮ್ಮಾ, ನಾನೀಗ ಸರ್ಕಾರ ಉರುಳಿಸ್ತಾ ಇದೀನಿ. ಆಮೇಲೆ ಮಾತಾಡೋಣ.”

“ಉರುಳಿಸು, ಯಾರು ಬೇಡ ಅಂದ್ರು? ಮೋಡ ಕವಿದಿದೆ, ಕೊಡೆ ತಗೊಂಡು ಹೋಗು.”

ಕೊಡೆ ತೆಗೆದುಕೊಳ್ಳಲಿಲ್ಲ. ಹಿಂಬಾಗಿಲಿನಿಂದ ಹೊರಬಿದ್ದು, ಸುತ್ತು ಹಾಕಿ, ಬಸ್ ನಿಲ್ದಾಣದ ಪಕ್ಕದ ಔಷಧಿ ಅಂಗಡಿಯಲ್ಲಿ ಅವಿತಳು. ಇನ್ನು ಹಿಂಬಾಲಿಸುವ ಸರದಿ ಅವಳದು.

ತುಸು ಹೊತ್ತಿಗೆ ಕಂದು ಕೋಟಿನವನು ಚಡಪಡಿಸತೊಡಗಿದ. ಕಚೇರಿಯ ಕಾವಲುಗಾರನನ್ನು ಏನೋ ಕೇಳಿ, ಹಣೆ ಚಚ್ಚಿಕೊಂಡ. ಫೋನಿನಲ್ಲಿ ಯಾರಿಗೋ ಬಗ್ಗಿ ಬಗ್ಗಿ ಸಮಾಧಾನ ಹೇಳಿದ. ಮೇಲಧಿಕಾರಿ ಎಂದುಕೊಂಡಳು ಕತ್ತರಿ. ಆಮೇಲೆ ಅವನು ಬಿರಬಿರನೆ ಹೊರಟ. ಅವಳು ದಿನಾ ಕೂರುವ ಕಾಫಿ ಅಂಗಡಿಗೆ ಇಣುಕಿದ, ಗ್ರಂಥಾಲಯಕ್ಕೆ ಇಣುಕಿದ, ಕೊನೆಗೆ ದೊಡ್ಡ ರಸ್ತೆ ದಾಟಿ ಒಂದು ಗೇಟಿನ ಮುಂದೆ ನಿಂತ.

ಗೃಹ ಸಚಿವಾಲಯ! ದಿನಾ ಸಂಜೆ ಸಚಿವರ ಪತ್ರಿಕಾಗೋಷ್ಠಿಯಲ್ಲಿ ಅವಳು ಆಕಳಿಸುತ್ತಾ ಕೂರುತ್ತಿದ್ದ ಕಟ್ಟಡ!

ಬೋರ್ಡು ಮೇಲೆ, ಕಂದು ಕೋಟು ಕೆಳಗೆ. ಕ್ಲಿಕ್. ಫೋಟೋ ಸಂಪಾದಕರಿಗೆ ಹಾರಿತು. ಉತ್ತರ ತಕ್ಷಣ ಬಂತು: “ಮುಖಪುಟ ಖಾಲಿ ಇಟ್ಟಿದೀನಿ. ಅವನ ಕಡೆ ಮಾತೂ ಬೇಕು, ಮರೀಬೇಡ.”

ಆರೋಪ ಹೊತ್ತವರ ಮಾತು ಕೇಳದೆ ಆ ಪತ್ರಿಕೆ ಏನನ್ನೂ ಅಚ್ಚು ಹಾಕುತ್ತಿರಲಿಲ್ಲ. ಮಳೆ ಶುರುವಾಗಿತ್ತು. ನೀರಿನ ಗುಂಡಿಗಳನ್ನು ಹಾರುತ್ತಾ, ನಗು ತಡೆಯಲಾರದೆ, ಕತ್ತರಿ ಅವನೆದುರು ಹೋಗಿ ನಿಂತಳು.

“ನೀವು ನನ್ನನ್ನ ಹಿಂಬಾಲಿಸ್ತಾ ಇದೀರಿ. ಏನು ಹೇಳ್ತೀರಿ?”

ಅವನ ಮುಖ ಅರಳಿತು. “ಅಬ್ಬಾ, ಸಿಕ್ಕಿದ್ರಲ್ಲ ಮೇಡಂ! ಎಲ್ಲೆಲ್ಲಿ ಹುಡುಕೋದು ನಿಮ್ಮನ್ನ! ನನ್ನ ಹೊಟ್ಟೆ ಮೇಲೆ ಹೊಡೀತಿದ್ರಲ್ಲ.”

“ಒಪ್ಪಿಕೊಂಡ್ರಿ! ಸರ್ಕಾರ ನಿಮಗೆ ಯಾವಾಗಿಂದ ಸಂಬಳ ಕೊಡ್ತಿದೆ?”

“ಸರ್ಕಾರಾನಾ?” ಅವನಿಗೆ ನಿಜಕ್ಕೂ ಬೇಜಾರಾಯಿತು. “ಸರ್ಕಾರದ ಬಿಡಿಗಾಸೂ ಮುಟ್ಟಿಲ್ಲ ಮೇಡಂ. ನಾನು ನಿಮ್ಮ ಅಂಕಣದಿಂದ ಅನ್ನ ತಿನ್ನೋನು. ಲೈಸೆನ್ಸಿಗೆ ಅಲೆದು ಅಲೆದು ನನ್ನ ಚಪ್ಪಲಿ ಸವೆದಿತ್ತು. ಹೋದ ತಿಂಗಳ ಆದೇಶದ ಕೊನೇ ಸಾಲು ನೋಡಿ, ಖಾಸಗಿ ಪತ್ತೇದಾರರೂ ಇದಾರೆ. ಮಾರನೇ ದಿನಾನೇ ಬೋರ್ಡ್ ಹಾಕಿದೆ. ಬೋಣಿನೇ ನಿಮ್ಮದು!”

ಮುಖಪುಟ ಕಣ್ಣೆದುರೇ ಹಾರಿಹೋಯಿತು. ಆ ಜಾಗದಲ್ಲಿ ಮೇಷ, ವೃಷಭಗಳು ಬಂದು ಕೂತವು. ಆದರೂ ಕತ್ತರಿ ಆಸೆ ಬಿಡಲಿಲ್ಲ.

“ಹಾಗಾದ್ರೆ ಕಳಿಸಿದ್ದು ಯಾರು? ವಿರೋಧ ಪಕ್ಷಾನಾ? ತೆರಿಗೆ ಅಧಿಕಾರಿಗಳ ಸಂಘಾನಾ?”

“ಗಿರಾಕಿ ಯಾರು ಅಂತ ಹೇಳೋ ಹಾಗಿಲ್ಲ ಮೇಡಂ, ಕಸುಬಿನ ನಿಯತ್ತು. ಆದ್ರೆ ಅವ್ರೂ ನಿಮ್ಮ ಅಭಿಮಾನಿನೇ. ನಿಮ್ಮ ಅಂಕಣ ಅಷ್ಟೂ ಬಾಯಿಪಾಠ. ಸರ್ಕಾರ ಯಾರನ್ನೂ ನೋಡ್ಕೊಳ್ಳೋದು ಬೇಡ, ಅವರವರೇ ಏರ್ಪಾಟು ಮಾಡ್ಕೋಬೇಕು ಅಂತ ನೀವೇ ಬರೆದಿದೀರಂತೆ.”

ಅವನ ಫೋನು ಬಡಿದುಕೊಂಡಿತು. “ಹೂಂ... ಎದುರಿಗೇ ಇದಾರೆ... ಇಲ್ಲ, ಕೊಡೆ ತಂದಿಲ್ಲ...” ಎನ್ನುತ್ತಲೇ ಅವನು ಕಂದು ಕೋಟನ್ನು ಕಳಚಿ ಅವಳ ತಲೆಯ ಮೇಲೆ ಹಿಡಿದ.

“ಯಾರು ಅಂತ ನನ್ನನ್ನ ಕೇಳ್ಬೇಡಿ ಮೇಡಂ, ಮೊದಲು ತಲೆ ಒರೆಸ್ಕೊಳ್ಳಿ. ಅಲ್ಲಿ ಹೆತ್ತ ಕರುಳು ಚುರ್ ಅಂತಿದೆಯಂತೆ.”