ಅಳತೆ ತೆಗೆಯದ ಹಲಗೆ

"ಕಿಟಕಿ ಒಡೆದಿದ್ದು ನಮ್ಮ ಮೇಸ್ತ್ರೀನೇ ಕಣೇ, ನನ್ನಾಣೆ."

ವ್ಯಾನಿನ ಹಿಂದೆ ಕುಕ್ಕರುಗಾಲಲ್ಲಿ ಕೂತು, ಪಕ್ಕದಲ್ಲಿ ಗಾಜಿನ ಚೂರು ತುಂಬಿದ ಬಕೆಟ್ಟು ಇಟ್ಟುಕೊಂಡು ಅವಳು ಫೋನಿನಲ್ಲಿ ಪಿಸುಗುಟ್ಟಿದಳು. ಆ ಕಡೆಯಿದ್ದ ಗೆಳತಿಗೆ ಆಶ್ಚರ್ಯವೇನೂ ಆಗಲಿಲ್ಲ. ಹಾಸ್ಟೆಲಿನ ವಾಚ್‌ಮನ್ ಗೂಢಚಾರ ಎಂದು ಹೋದ ತಿಂಗಳು ಸಾರಿದವಳೂ ಇವಳೇ ಎಂದು ನೆನಪಿಸಿದಳು. ಪಾಪ, ಆತ ಕಪ್ಪು ಕನ್ನಡಕ ಹಾಕಿದ್ದು ಕಣ್ಣುಬೇನೆಗೆ. ಹತ್ತಿರ ಹೋಗಿ ತನಿಖೆ ಮಾಡಿದ ಇವಳಿಗೆ ಸಿಕ್ಕಿದ್ದೂ ಆ ಬೇನೆಯೊಂದೇ.

ಈ ಸಲ ಸಾಕ್ಷಿ ಇದೆ ಎಂದು ಹೇಳಿ ಅವಳು ಫೋನ್ ಇಟ್ಟಳು.

ಎಲ್ಲಿ ಕಿಟಕಿ ಒಡೆದರೂ, ಕಳ್ಳರು ನುಗ್ಗುವ ಮೊದಲೇ ಓಡಿಹೋಗಿ ಪ್ಲೈವುಡ್ ಹಲಗೆ ಜಡಿದು ಮನೆ ಭದ್ರ ಮಾಡಿಕೊಡುವುದು ಮೇಸ್ತ್ರಿಯ ಕಸುಬು. ಕಾಲೇಜು ಮುಗಿಸಿ ಬಂದು ಫೋನ್ ಎತ್ತುವುದು, ಸ್ಕ್ರೂ ಎತ್ತಿಕೊಡುವುದು, ಗಾಜು ಗುಡಿಸುವುದು ಇವಳ ಕೆಲಸ. ಮೊದಲ ದಿನವೇ ಡ್ರಿಲ್ಲನ್ನು ಉಲ್ಟಾ ತಿರುಗಿಸಿ, ಅವರು ಕೂರಿಸಿದ್ದ ಸ್ಕ್ರೂಗಳನ್ನೆಲ್ಲ ಶ್ರದ್ಧೆಯಿಂದ ಬಿಚ್ಚಿಟ್ಟಿದ್ದಳು. ಮೇಸ್ತ್ರಿ ಬೈದಿರಲಿಲ್ಲ. ಬಿಚ್ಚುವುದೂ ಕಲಿಯಬೇಕಾದ ಕೆಲಸವೇ ಎಂದಿದ್ದರು. ಅಂಥವರ ಮೇಲೆ ಅನುಮಾನಪಡುವುದೆಂದರೆ ಉಂಡ ಮನೆಯ ಜಂತಿ ಎಣಿಸಿದ ಹಾಗೆ. ಆದರೆ ಜಂತಿಗಳೇ ಒಂದೊಂದಾಗಿ ಕಣ್ಣಿಗೆ ಬೀಳುತ್ತಿದ್ದರೆ ಏನು ಮಾಡುವುದು?

ಸಂಜೆ ಒಬ್ಬ ಹೆಂಗಸು ಫೋನ್ ಮಾಡಿ, ಅಡುಗೆಮನೆ ಕಿಟಕಿ ಒಡೆದಿದೆ, ಮೇಸ್ತ್ರಿಯನ್ನೇ ಕಳಿಸಿ ಎಂದು ಇಟ್ಟುಬಿಟ್ಟಿದ್ದರು. ವಿಳಾಸ ಕೇಳಬೇಕೆಂದು ಇವಳಿಗೆ ಹೊಳೆಯಲೇ ಇಲ್ಲ. ಬೈಸಿಕೊಳ್ಳಲು ತಯಾರಾಗಿ ವಿಷಯ ಮುಟ್ಟಿಸಿದರೆ, ಮೇಸ್ತ್ರಿಯೂ ವಿಳಾಸ ಕೇಳಲಿಲ್ಲ. ಗರಗಸ ತೆಗೆದು ಹಲಗೆ ಕೊಯ್ದರು. ಅಳತೆಯಿಲ್ಲ, ಗೆರೆಯಿಲ್ಲ. ಆ ಹಲಗೆ ಇಲ್ಲಿ ಬಂದು, ಡಬ್ಬಿಗೆ ಮುಚ್ಚಳದಂತೆ ಕಿಟಕಿಗೆ ಕೂತಿತು. ಒಡೆಯುವ ಮೊದಲೇ ಅಳತೆ ಗೊತ್ತಿದ್ದವನು ಯಾರು? ಒಡೆದವನೇ.

ಅಷ್ಟೇ ಅಲ್ಲ. ಈ ಮನೆಯ ಉಳಿದ ಕಿಟಕಿಗಳಿಗೆಲ್ಲ ಆಗಲೇ ಇವರದೇ ಹಲಗೆ, ಇವರದೇ ಸ್ಕ್ರೂ. ಬಾಕಿಯಿದ್ದುದು ಅಡುಗೆಮನೆಯದೊಂದು, ಇವತ್ತು ಅದೂ ಹೋಯಿತು. ಸಾಲದ್ದಕ್ಕೆ, ಕತ್ತಲೆಯ ನಡುಮನೆ ದಾಟುವಾಗ ಮೇಸ್ತ್ರಿ ಇದ್ದಕ್ಕಿದ್ದಂತೆ ತಲೆ ಬಗ್ಗಿಸಿದರು. ಯಾಕಿರಬಹುದು ಎಂದು ಅವಳು ಯೋಚಿಸುತ್ತಿರುವಾಗಲೇ ಬಾಗಿಲ ಮೇಲಿನ ಪಟ್ಟಿ ಅವಳ ಹಣೆಗೆ ಉತ್ತರ ಕೊಟ್ಟಿತು.

ಹಣೆ ಉಜ್ಜಿಕೊಳ್ಳುತ್ತಲೇ ಅವಳು ಗುಡಿಸಲು ನಿಂತಿದ್ದಳು. ಅಡುಗೆಮನೆಯ ನೆಲ ಥಳಥಳ ಹೊಳೆಯುತ್ತಿತ್ತು. ಚೂರುಗಳೆಲ್ಲ ಹೊರಗೆ, ಹೂಕುಂಡಗಳ ನಡುವೆ ಬಿದ್ದಿದ್ದವು. ಒಳಗಿನ ಕೆಲಸ ತಪ್ಪಿತಲ್ಲ ಎಂದು ಖುಷಿಯಾಗಿ, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಒಂದು ಚೂರೂ ಬಿಡದೆ ಬಳಿದು ಬಕೆಟ್ಟಿಗೆ ತುಂಬಿದ್ದಳು. ಅಷ್ಟಾದ ಮೇಲೆಯೇ ವ್ಯಾನಿನ ಹಿಂದೆ ಬಂದು ಗೆಳತಿಗೆ ಫೋನ್ ಮಾಡಿದ್ದು.

ಈಗ ಬೆಕ್ಕಿನ ಹೆಜ್ಜೆಯಿಟ್ಟು ಅಡುಗೆಮನೆಗೆ ವಾಪಸು ಬಂದಳು. ಮೇಸ್ತ್ರಿ ಹೊರಗೆ ನಿಂತು ಸ್ಕ್ರೂ ಬಿಗಿಯುತ್ತಿದ್ದರು. ಒಳಗೆ ಮನೆಯಾಕೆ ಹಲಗೆಗೆ ಅಂಗೈ ಒತ್ತಿ ನಿಂತಿದ್ದರು; ಹಿಡಿಯುವ ಅಗತ್ಯವೇನೂ ಇರಲಿಲ್ಲ. ಇಬ್ಬರೂ ಹಲಗೆಯ ಜೊತೆಗೇ ಮಾತಾಡುತ್ತಿರುವಂತಿತ್ತು.

"ಎಷ್ಟು ದಿನ ತಡೆಯುತ್ತೆ ಇದು?"

"ಹಲಗೆ ತಡೆಯುತ್ತೆ. ಬೆಳಕು ಬರಲ್ಲ ಅಷ್ಟೆ."

"ಕತ್ತಲೆ ಅಭ್ಯಾಸ ಆಗಿದೆ."

"ಗಾಜು ಹಾಕಿಸ್ಕೋಬಹುದಿತ್ತು."

"ಹಾಕೋರು ಬರಬೇಕಲ್ಲ."

"ಕರೆದ್ರೆ ಬರ್ತಿದ್ರು."

"ಕರೀತಾನೇ ಇದೀನಿ."

ಡ್ರಿಲ್ ನಿಂತಿತು. ಸ್ವಲ್ಪ ಹೊತ್ತಿನ ನಂತರ ಮತ್ತೆ ಗುರುಗುಟ್ಟಿತು.

ಅವಳಿಗೆ ಎಲ್ಲ ಅರ್ಥವಾಯಿತು. ಮೊದಲು ಕಿಟಕಿ ಒಡೆಯುವುದು, ಆಮೇಲೆ ಹಲಗೆ ಜಡಿಯುವುದು, ಕೊನೆಗೆ ಕತ್ತಲೆಯಲ್ಲಿಟ್ಟು ಹೊಸ ಗಾಜು ಹಾಕಿಸಿಕೊಳ್ಳಲೂ ಒಪ್ಪಿಸುವುದು! ಬಾಯಿ ಬಿಟ್ಟರೆ ತನ್ನ ಕೆಲಸ ಹೋಗುತ್ತದೆ, ಮೇಸ್ತ್ರಿ ಜೈಲಿಗೆ ಹೋಗುತ್ತಾರೆ. ಬಿಡದಿದ್ದರೆ ಈ ಒಂಟಿ ಹೆಂಗಸಿನ ಗತಿ? ಬಿಸಿ ತುಪ್ಪ, ನುಂಗುವಂತಿಲ್ಲ, ಉಗುಳುವಂತಿಲ್ಲ. ಮೇಸ್ತ್ರಿ ಸಾಮಾನು ಎತ್ತಿಕೊಂಡು ವ್ಯಾನಿನತ್ತ ನಡೆದಾಗ ಅವಳು ಉಗುಳಿಯೇಬಿಟ್ಟಳು.

"ಆಂಟಿ, ನಿಮ್ಮ ಕಿಟಕಿ ಒಡೀತಿರೋದು ನಮ್ಮ ಮೇಸ್ತ್ರೀನೇ."

ವಿಳಾಸ, ಅಳತೆ, ಬಗ್ಗಿದ ತಲೆ, ಎಲ್ಲವನ್ನೂ ವಕೀಲರಂತೆ ಬಿಡಿಸಿಟ್ಟಳು. ಮನೆಯಾಕೆ ಮೊದಲು ತುಟಿ ಕಚ್ಚಿಕೊಂಡರು, ಆಮೇಲೆ ತಡೆಯಲಾರದೆ ನಕ್ಕರು. ನಗಿಸುವ ಉದ್ದೇಶವಿಲ್ಲದ ಅವಳಿಗೆ ಅವಮಾನವಾಗಿ, ಕೈಯಲ್ಲಿದ್ದ ಕೊನೆಯ ಸಾಕ್ಷಿಯನ್ನೂ ಎಸೆದಳು: ಮೇಸ್ತ್ರಿ ಮನೆಗೇ ಹೋಗುವುದಿಲ್ಲ, ವರ್ಕ್‌ಶಾಪಿನಲ್ಲಿ ಪ್ಲೈವುಡ್ ರಾಶಿಯ ಹಿಂದೆ ಚಾಪೆ ಹಾಸಿ ಮಲಗುತ್ತಾರೆ, ತಲೆ ಮರೆಸಿಕೊಂಡವರಲ್ಲದೆ ಬೇರೆ ಯಾರು ಹಾಗೆ ಮಲಗುತ್ತಾರೆ?

ನಗು ಅಲ್ಲೇ ನಿಂತಿತು.

"ಚಾಪೆ ಮೇಲಾ?" ಮನೆಯಾಕೆಯ ದನಿ ಇಳಿದುಹೋಗಿತ್ತು. "ಹೊದಿಕೆ ಇದೆಯಾ?"

ಕಳ್ಳನಿಗೆ ಚಳಿಯಾಗುತ್ತದೆಂದು ಮರುಗುವವರನ್ನು ಅವಳು ಎಲ್ಲೂ ನೋಡಿರಲಿಲ್ಲ. ಮರುಕದಿಂದಲೇ ಇವರು ಮೋಸ ಹೋಗುತ್ತಿರುವುದು ಎಂದುಕೊಂಡು, ಪೊಲೀಸರಿಗೆ ತಾನೇ ಫೋನ್ ಮಾಡಲೇ ಎಂದು ಕೇಳಿದಳು.

"ಪೊಲೀಸ್ ಬಂದ್ರೆ ಹಿಡ್ಕೊಂಡು ಹೋಗೋದು ನನ್ನನ್ನೇ, ಮಗಳೇ," ಎಂದರು ಮನೆಯಾಕೆ. "ನಾಳೆ ಬೆಳಿಗ್ಗೆ ಗಾಜು ಹಾಕೋಕೆ ಬರುವಾಗ ಬಟ್ಟೆಬರೆ ಕಟ್ಕೊಂಡೇ ಬರಬೇಕು ಅಂತ ನಿಮ್ಮ ಮೇಸ್ತ್ರಿಗೆ ಹೇಳು, ಅವರನ್ನ ಕರೆಸೋಕೆ ಒಡೆಯೋಣ ಅಂದ್ರೆ, ಅವರ ಹೆಂಡತಿ ಹತ್ರ ಇನ್ನು ಕಿಟಕಿ ಉಳಿದಿಲ್ಲ."