ಬೋರಲು ಕಲ್ಲಿನ ಅಜ್ಜ

ಸೇತುವೆಯ ಮೇಲೇ ಗಾಡಿ ಹೊಡೆಯಲು ಮನೆಯಲ್ಲಿ ಹೂಂ ಎಂದಿದ್ದ ಓಬಳಪ್ಪ, ಅದರ ನಟ್ಟನಡುವೆ ಬಂದಾಗ ಹಗ್ಗ ಜಗ್ಗಿ ಗಾಡಿ ನಿಲ್ಲಿಸಿಯೇಬಿಟ್ಟ. ಒಳಗೆ ಸೊಸೆ ಕೆಂಪಕ್ಕ ಹೆರಿಗೆ ನೋವಿಗೆ ಹಲ್ಲು ಕಚ್ಚಿದ್ದಳು. ಅವಳ ಬೆನ್ನು ನೀವುತ್ತಿದ್ದ ಹೊನ್ನಕ್ಕನಿಗೆ ಗಂಡನನ್ನು ಹೊಳೆಗೆ ತಳ್ಳಿಬಿಡುವಷ್ಟು ಸಿಟ್ಟು ಬಂತು.

“ಮುಂದೆ ಅಜ್ಜ ಅವ್ನೆ ಕಣೇ. ಅವನ ಮ್ಯಾಲೆ ಚಕ್ರ ಹೆಂಗೆ ಹತ್ತುಸ್ಲಿ?”

ಹಿಂದಿನ ಮಹಾರಾಜರ ಕಾಲದಲ್ಲಿ ಸೇತುವೆ ಕಟ್ಟಿದ ಮೇಸ್ತ್ರಿ ಚಪ್ಪಡಿ ಸಾಲದೆ, ಚಿರತೆಯೊಡನೆ ಹೋರಾಡಿ ಸತ್ತ ಓಬಳಪ್ಪನ ಮುತ್ತಜ್ಜನ ವೀರಗಲ್ಲನ್ನೇ ಬೋರಲು ಹಾಕಿ ಕೆಲಸ ಮುಗಿಸಿದ್ದ. ಅಂದಿನಿಂದ ಮನೆಯವರೆಲ್ಲ ಆ ಕಲ್ಲನ್ನು ಹಾರಿ ದಾಟುತ್ತಿದ್ದರು. ಗಾಡಿಯನ್ನು ಹೊಳೆಯ ಮರಳಿಗೇ ಇಳಿಸುತ್ತಿದ್ದರು. ಇಂದು ಜಯಮಂಗಲಿ ಹೊಳೆ ದಡ ತುಂಬಿ ಹರಿಯುತ್ತಿತ್ತು. ಆಸ್ಪತ್ರೆ ಇದ್ದದ್ದು ಆಚೆ ದಡದ ಕೊರಟಗೆರೆಯಲ್ಲಿ.

“ಒಂದ್ ಕುರಿ ಉಳ್ಸಕ್ಕೆ ಪ್ರಾಣ ಕೊಟ್ಟೋನು ನಿಮ್ಮಜ್ಜ. ನೀನು ಮೊಮ್ಮಗೂನೇ ಕಳ್ಕಳಕ್ಕೆ ನಿಂತಿದ್ದೀಯಲ್ಲ!”

ಓಬಳಪ್ಪ ಕೆಳಗಿಳಿದು, ಕಲ್ಲಿಗೆ ಕೈಮುಗಿದು ಅಪ್ಪಣೆ ಕೇಳತೊಡಗಿದ. ಅಪ್ಪಣೆ ಬರುವ ಮೊದಲು ಮಗುವೇ ಬರುವಂತಾಯಿತು. ಹೊನ್ನಕ್ಕ ಅವನ ಹೆಗಲ ಕಂಬಳಿಯನ್ನು ಕಿತ್ತು, ಅಲ್ಲಿ ಸಮವಾಗಿದ್ದ ಆ ಒಂದೇ ಕಲ್ಲಿನ ಮೇಲೆ ಹಾಸಿ, ಇಕ್ಕಟ್ಟಿನ ಗಾಡಿಯಿಂದ ಸೊಸೆಯನ್ನು ಇಳಿಸಿ ಮಲಗಿಸಿದಳು.

“ಅಯ್ಯೋ, ಅಜ್ಜಂಗೆ ಮೈಲಿಗೆ ಆಯ್ತದೆ ಕಣೇ!” ಎಂದು ಅವನು ಬಾಯಿ ಬಡಿದುಕೊಳ್ಳುತ್ತಿದ್ದಂತೆಯೇ ಗಂಡುಮಗು ಕಿರುಚಿಕೊಂಡು ಹುಟ್ಟಿತು.

ಹೊನ್ನಕ್ಕ ಮಗುವನ್ನು ಸೆರಗಿನಲ್ಲಿ ಸುತ್ತಿ ಗಂಡನ ಮುಖದ ಮುಂದೆ ಹಿಡಿದಳು.

“ನೋಡ್ಕೋ, ನಿಮ್ಮಜ್ಜ ಎದ್ದು ಬಂದವ್ನೆ. ಕಲ್ಲಡೀಲಿ ಈಗ ಯಾರೂ ಇಲ್ಲ. ಇನ್ನಾದ್ರೂ ಗಾಡಿ ಹೊಡಿ.”